ಮನೆಗಾಡಿ ಬಾಡಿಗೆಗೆ ಹೋಯಿತು

ಸಿಟಿ ಬಸ್ಸಿನ ಡ್ರೈವರುಗಳ ಪೈಕಿ ಪ್ರಯಾಣಿಕರೇ ಹೆಸರಿಟ್ಟದ್ದು ಅವನೊಬ್ಬನಿಗೆ: ಬ್ರೇಕ್ ಮಾಮ. ಗಾಳಿಗೆ ಒಂದು ಪ್ಲಾಸ್ಟಿಕ್ ಚೀಲ ಹಾರಿ ಅಡ್ಡ ಬಂದರೂ ಅವನ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. ಅವಸರದವರು ಹಲ್ಲು ಕಡಿಯುತ್ತಿದ್ದರು. ಕಂಕುಳಲ್ಲಿ ಮಗುವಿರುವವರು, ಕೈಯಲ್ಲಿ ಕೋಲಿರುವವರು ಮಾತ್ರ ಮುಂದೆ ಬಂದ ಬಸ್ಸನ್ನು ಬಿಟ್ಟು ಅವನ ಬಸ್ಸಿಗಾಗಿ ಕಾಯುತ್ತಿದ್ದರು. ತಲೆ ಪೂರ್ತಿ ನರೆತ ಮೇಲೆ ಡಿಪೋದವರು ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು.

ಮನೆಯಲ್ಲಿ ಕೈಕಟ್ಟಿ ಕೂರುವ ಜೀವ ಅದಲ್ಲ. ಶಾಲೆಯೊಂದು ಗುಜರಿಗೆ ಹಾಕಲು ಹೊರಟಿದ್ದ ಮಿನಿಬಸ್ಸನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಸೀಟು ಕಿತ್ತ, ತುಕ್ಕು ಕೆರೆದ, ಇಂಜಿನ್ ಬಿಚ್ಚಿ ಕಟ್ಟಿದ. ಹೆಂಡತಿಗೆ ಬೀದಿಯ ಮೂಲೆಯಲ್ಲಿ ಟೈಲರಿಂಗ್ ಅಂಗಡಿ. ಹಾಸಿಗೆ, ದಿಂಬು, ಪರದೆ, ಸೀಟಿನ ಕವರು ಎಲ್ಲ ಅವಳೇ ಹೊಲಿದಳು. ಮಡಚುವ ಮೇಜು, ಎರಡು ಉರಿಯ ಒಲೆ, ಪುಟ್ಟ ಸಿಂಕು, ಛಾವಣಿಯ ಮೇಲೆ ನೀರಿನ ಟ್ಯಾಂಕು ಬಂದವು. ಕೆಲಸ ಮುಗಿದ ದಿನ ಗಂಡಹೆಂಡಿರಿಬ್ಬರೂ ಅಂಗಳದಲ್ಲೇ ಅದರೊಳಗೆ ಕೂತು ಟೀ ಕುಡಿದರು. ಎಲ್ಲರೂ ಅದನ್ನು ಮನೆಗಾಡಿ ಅಂದರು. ಎರಡು ಬೇಸಿಗೆ ಅವರು ಅದರಲ್ಲಿ ಸುತ್ತಿದ್ದೇ ಸುತ್ತಿದ್ದು.

ಮೂರನೆಯ ಬೇಸಿಗೆಗೆ ಹೆಂಡತಿಯ ಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು. ವರ್ಷವಿಡೀ ದೂರ ಪ್ರಯಾಣ ಬೇಡ ಎಂದರು ಡಾಕ್ಟರು. ಮನೆಗಾಡಿಯ ಮೇಲೆ ಟಾರ್ಪಾಲು ಬಿತ್ತು. ಬ್ರೇಕ್ ಮಾಮ ದಿನಾ ಬೆಳಿಗ್ಗೆ ಟಾರ್ಪಾಲು ಸರಿಸಿ, ಇಂಜಿನ್ ಶುರು ಮಾಡಿ, ಸ್ಟೀರಿಂಗ್ ಹಿಡಿದು ಒಂದಿಷ್ಟು ಹೊತ್ತು ಕೂತು, ಎಲ್ಲಿಗೂ ಹೋಗದೆ ಇಳಿದು ಬರುತ್ತಿದ್ದ. ಒಂದು ದಿನ ಇಂಜಿನ್ ಹತ್ತಲೇ ಇಲ್ಲ. ಇಲಿ ವೈರು ಕಡಿದಿತ್ತು.

ಅವನು ಹೊಸ ವೈರು ಕೂರಿಸುತ್ತಿರುವಾಗ ಹೆಂಡತಿ ಕಿಟಕಿಯಿಂದಲೇ ಕೂಗಿದಳು. "ರೀ, ನಿಂತಲ್ಲೇ ನಿಂತು ಹಾಳಾಗ್ತಿದೆ ಅದು. ಬೇಕಾದವ್ರಿಗೆ ಬಾಡಿಗೆಗಾದ್ರೂ ಕೊಡೋಣ."

"ಏನಂದೆ?"

"ಬಾಡಿಗೆಗೆ ಕೊಡೋಣ ಅಂದೆ. ಕಿವಿಗೂ ಇಲಿ ಹೊಕ್ಕಿದ್ಯಾ?"

"ಯಾರೋ ಏನೋ, ಗೊತ್ತು ಗುರಿ ಇಲ್ದೋರು ನಮ್ಮ ಹಾಸಿಗೆ ಮೇಲೆ ಮಲಗ್ಬೇಕಾ? ನಮ್ಮ ಲೋಟದಲ್ಲಿ ಕುಡೀಬೇಕಾ? ನನ್ನ ಜೀವ ಇರೋವರ್ಗೂ ಆಗಲ್ಲ."

"ಇಂಜಿನ್ ನಿಮ್ದು, ಒಪ್ಪಿದೆ. ಒಳಗಿನ ಮನೆ ನಂದು. ನನ್ನ ಅರ್ಧ ನಾನು ಕೊಡ್ತೀನಿ. ನಿಮ್ಮರ್ಧ ಬೇಕಾದ್ರೆ ಇಲ್ಲೇ ಇಟ್ಕೊಳ್ಳಿ."

ಆಮೇಲೆ ಅವಳು ಅವನ ಒಪ್ಪಿಗೆಗೇನೂ ಕಾಯಲಿಲ್ಲ. ಬಟ್ಟೆ ಹೊಲಿಸಲು ಬಂದವರ ಅಳತೆ ತೆಗೆಯುತ್ತಲೇ ಸುದ್ದಿ ಬಿತ್ತಿದಳು. ನಾಲ್ಕು ಜನರ ಬಾಯಿಗೆ ಬಿದ್ದ ಮಾತು ನಿಂತೀತೇ? ಜನ ಬರತೊಡಗಿದರು.

ಮೊದಲು ಬಂದವನು ಉಂಗುರದ ಬೆರಳಿನಿಂದ ಗಾಡಿಯ ಮೈಯನ್ನು ಟಕಟಕ ಬಡಿದು, "ಒಳಗೆ ಡ್ಯಾನ್ಸ್ ಮಾಡಿದ್ರೆ ತಡೆಯುತ್ತಾ?" ಎಂದು ಕೇಳಿದ. ಬ್ರೇಕ್ ಮಾಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನೋಡಿದೆಯಾ ಎಂಬಂತೆ ಹೆಂಡತಿಯ ಕಡೆ ತಿರುಗಿದ. ಎರಡನೆಯವರಿಗೆ ಮೂರು ನಾಯಿ. ಮೂರನೆಯವನಲ್ಲಿ ಎಷ್ಟು ಹುಡುಕಿದರೂ ಕೊರತೆ ಕಾಣಲಿಲ್ಲ. ಒಳ್ಳೆಯ ಮಾತು, ಒಳ್ಳೆಯ ನಡತೆ, ಚಪ್ಪಲಿ ಕೂಡ ಹೊರಗೇ ಬಿಟ್ಟಿದ್ದ. ಅವನು ಹೋದ ಮೇಲೆ ಬ್ರೇಕ್ ಮಾಮ, "ಬಾಗಿಲು ಜೋರಾಗಿ ಹಾಕ್ತಾನೆ," ಅಂದ.

ಊಟಕ್ಕೆ ಬಂದಿದ್ದ ಭಾಮೈದ ತಟ್ಟೆಯಿಂದ ತಲೆ ಎತ್ತಿದ. ನಗಿಸುವುದೇ ಅವನ ಕಸುಬು ಅನ್ನುವ ಹಾಗಿದ್ದ ಮನುಷ್ಯ. "ಭಾವ, ನೀವು ಗಾಡಿಗೆ ಬಾಡಿಗೆದಾರನ್ನ ಹುಡುಕ್ತಿದ್ದೀರೋ, ಗಂಡು ಹುಡುಕ್ತಿದ್ದೀರೋ?"

ಹೆಂಡತಿ ನಕ್ಕಳು. ಬ್ರೇಕ್ ಮಾಮ ಮುಖ ಊದಿಸಿಕೊಂಡು ಕೈ ತೊಳೆಯಲು ಎದ್ದ.

ಮರುವಾರ ಅಕ್ಕತಂಗಿಯರಿಬ್ಬರು ಬಂದರು. ಅಕ್ಕನಿಗೆ ಬೇಕರಿಯಲ್ಲಿ ಕೆಲಸ. ನಲವತ್ತು ದಾಟಿದ ಸಣಕಲು ಮೈ, ಮೊಣಕೈವರೆಗೂ ಒಲೆಯ ಸುಟ್ಟ ಕಲೆಗಳು. ತಂಗಿ ತರಕಾರಿ ಸಾಗಿಸುವ ವ್ಯಾನಿನ ಡ್ರೈವರು. ಮಾತಾಡಿದ್ದೆಲ್ಲ ತಂಗಿಯೇ. ಬೆಟ್ಟದ ಮೇಲಿನ ಕೆರೆಯಿಂದ ಸಮುದ್ರದ ದಡದವರೆಗೆ ಒಂದು ಓಟದ ಪಂದ್ಯವಂತೆ. ಹಗಲೆಲ್ಲ ಓಡಬೇಕು, ಸಂಜೆ ಎಲ್ಲಿ ನಿಂತರೋ ಅಲ್ಲೇ ಮಲಗಬೇಕು, ಮರುದಿನ ಅಲ್ಲಿಂದಲೇ ಮತ್ತೆ ಓಟ. ಪ್ರತಿ ಓಟಗಾರರ ಹಿಂದೆ ಅವರದೇ ಒಂದು ಗಾಡಿ ಇರಬೇಕು. ಕೊಡುತ್ತೇನೆಂದಿದ್ದವರು ಕೊನೆ ಗಳಿಗೆಯಲ್ಲಿ ಕೈ ಎತ್ತಿಬಿಟ್ಟಿದ್ದರು.

"ಯಾರು ಓಡೋದು?" ಬ್ರೇಕ್ ಮಾಮ ಕೇಳಿದ.

"ನಾನು," ಅಂದಳು ಬೇಕರಿಯವಳು. ಅಷ್ಟು ಹೊತ್ತಿಗೆ ಅವಳಾಡಿದ ಮಾತು ಅದೊಂದೇ.

"ಗೆಲ್ತೀಯಾ?"

"ಗೊತ್ತಿಲ್ಲ ಸಾರ್. ಮುಗಿಸ್ತೀನಿ."

ಉತ್ತರ ಬ್ರೇಕ್ ಮಾಮನಿಗೆ ಹಿಡಿಸಿತು. ಆದರೂ ಸುಮ್ಮನೆ ಬಿಡುವವನಲ್ಲ. ಹೊಸ ಡ್ರೈವರುಗಳನ್ನು ಪರೀಕ್ಷಿಸಲು ಡಿಪೋದಲ್ಲಿ ಮಾಡುತ್ತಿದ್ದ ಹಾಗೆ ಒಂದು ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ, ಮನೆಗಾಡಿಯ ಮೇಜಿನ ಮೇಲಿಟ್ಟು, ತಾನು ಅದರ ಪಕ್ಕ ಕೂತು ತಂಗಿಗೆ, "ಓಡಿಸು," ಅಂದ.

ಅವಳು ಓಡಿಸಿದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗೇರು ಬದಲಾಯಿಸಿದಳು. ತಿರುವಿನಲ್ಲಿ ನೀರು ಅಂಚಿಗೆ ಬಂದು ಹಿಂದೆ ಸರಿಯಿತು, ತೊಟ್ಟೂ ಬೀಳಲಿಲ್ಲ. ಬ್ರೇಕ್ ಮಾಮನಿಗೆ ಒಳಗೊಳಗೇ ಕಸಿವಿಸಿ. ಬೇಡ ಅನ್ನಲು ಒಂದು ಹನಿಯಾದರೂ ಬೇಕಿತ್ತು. ಅಷ್ಟರಲ್ಲಿ ಒಂದು ಗೇಟಿನ ಸಂದಿಯಿಂದ ಚೆಂಡೊಂದು ರಸ್ತೆಗೆ ಪುಟಿಯಿತು. ತಂಗಿ ಧಡ್ಡನೆ ಬ್ರೇಕ್ ಒತ್ತಿದಳು. ಲೋಟ ಹಾರಿ, ಅಷ್ಟೂ ನೀರು ಬ್ರೇಕ್ ಮಾಮನ ಮಡಿಲಿಗೆ ಬಂತು. ಗಾಡಿ ನಿಂತು ಒಂದು ಉಸಿರು ಎಳೆಯುವಷ್ಟರಲ್ಲಿ ಚೆಂಡಿನ ಹಿಂದೆ ಪುಟ್ಟ ಹುಡುಗಿಯೊಂದು ಓಡಿ ಬಂದು, ಚೆಂಡೆತ್ತಿಕೊಂಡು, ಇವರತ್ತ ಒಮ್ಮೆ ನೋಡಿ ಒಳಗೆ ಓಡಿತು.

ತಂಗಿ ಹಿಂದೆ ತಿರುಗಿದಳು. "ತಪ್ಪಾಯ್ತು ಸಾರ್. ನೀರು ಚೆಲ್ಲಿಬಿಡ್ತು."

ಬ್ರೇಕ್ ಮಾಮ ಒದ್ದೆ ಪ್ಯಾಂಟನ್ನೇ ನೋಡುತ್ತ ಕೂತಿದ್ದ. "ಚೆಂಡು ಕಂಡಾಗ್ಲೇ ಒತ್ತಿದೆಯಲ್ಲ. ಹುಡುಗಿ ಇನ್ನೂ ಕಂಡಿರ್ಲಿಲ್ಲ."

"ಚೆಂಡು ಒಂದೇ ಬರುತ್ತಾ ಸಾರ್?"

ಅದು ಅವನದೇ ಮಾತು. ಎಷ್ಟೋ ಡ್ರೈವರುಗಳಿಗೆ ಹೇಳಿ ಹೇಳಿ ಸೋತ ಮಾತು.

ಆದರೂ ಮನೆಗೆ ಬಂದು, "ನಾಳೆ ಹೇಳ್ತೀನಿ," ಎಂದು ಇಬ್ಬರನ್ನೂ ಕಳಿಸಿದ. ಸಂಜೆ ಗಾಡಿಯ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತ. ಹೆಂಡತಿ ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಈಗೇನು? ಬಾಗಿಲು ಜೋರಾಗಿ ಹಾಕಿದ್ಲಾ?"

"ಇಲ್ಲ. ಚೆನ್ನಾಗಿ ಓಡಿಸ್ತಾಳೆ. ಆದ್ರೂ ಯಾರೋ ಎತ್ತಲೋ ಕಣೇ. ಗುರುತು ಪರಿಚಯ ಏನಿದೆ?"

ಅವಳು ನಗಲಿಲ್ಲ. "ಜೀವಮಾನವೆಲ್ಲ ಬಸ್ ಓಡಿಸಿದ್ರಲ್ಲ, ಹತ್ತಿದವ್ರೆಲ್ಲ ನಿಮ್ಮ ನೆಂಟ್ರಾ? ನಿಮ್ಮ ಹೆಸರು ಕೇಳಿ ಹತ್ತಿದ್ರಾ ಯಾರಾದ್ರೂ? ಕೂಸನ್ನ ತೊಡೆ ಮೇಲೆ ಹಾಕ್ಕೊಂಡು, ನಿಮ್ಮ ಬೆನ್ನು ಬಿಟ್ರೆ ಮುಖಾನೂ ನೋಡ್ದೆ, ಕಣ್ಮುಚ್ಚಿ ನಿದ್ದೆ ಹೋದ್ರು. ಅವ್ರು ನಿಮ್ಮ ಕೈಗೆ ಜೀವಾನೇ ಕೊಟ್ರಲ್ರೀ. ನಿಮಗೆ ಒಂದು ಗಾಡಿ ಕೊಡೋಕೆ ಆಗಲ್ವಾ?"

ಬಸ್ಸಿನ ಕನ್ನಡಿಯಲ್ಲಿ ಕಾಣುತ್ತಿದ್ದ ತಲೆಗಳೆಲ್ಲ ಬ್ರೇಕ್ ಮಾಮನ ಕಣ್ಮುಂದೆ ಬಂದವು. ಕಿಟಕಿಗೆ ಒರಗಿದವು, ಪಕ್ಕದವರ ಹೆಗಲಿಗೆ ವಾಲಿದವು, ಬಾಯಿ ತೆರೆದು ಗೊರಕೆ ಹೊಡೆದವು. ಒಬ್ಬರ ಹೆಸರೂ ಗೊತ್ತಿರಲಿಲ್ಲ ಅವನಿಗೆ.

"ಫೋನು ತಾ," ಅಂದ.

ಕೊಡುವ ದಿನ ತಂಗಿಯನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂರಿಸಿಕೊಂಡು ಎಲ್ಲ ಕಲಿಸಿದ. ಗ್ಯಾಸು ಹೇಗೆ ಮುಚ್ಚಬೇಕು, ನೀರಿನ ಪಂಪು ಮುನಿಸಿಕೊಂಡರೆ ಎಲ್ಲಿ ತಟ್ಟಬೇಕು, ಇಳಿಜಾರಿನಲ್ಲಿ ಯಾವ ಗೇರು, ಕತ್ತಲಾಗುವ ಮುಂಚೆ ಎಂಥ ಜಾಗ ನೋಡಿ ನಿಲ್ಲಿಸಬೇಕು. ಹೆಂಡತಿ ಓಟಗಾರ್ತಿಯ ಕಾಲಳತೆಗೆಂದೇ ಒಂದು ಉದ್ದನೆಯ ದಿಂಬು ಹೊಲಿದಿಟ್ಟಿದ್ದಳು. ಕೀಲಿಕೈ ಕೊಡುವಾಗ ಬ್ರೇಕ್ ಮಾಮನ ಬೆರಳು ಅದನ್ನು ಬಿಡಲೊಲ್ಲದೆ ತಂಗಿ ಸ್ವಲ್ಪ ಎಳೆದುಕೊಳ್ಳಬೇಕಾಯಿತು.

ಗಾಡಿ ಹೋದ ಮೇಲೆ ಅಂಗಳ ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ಫೋನು ಮಾಡಕೂಡದು ಎಂದು ಹೆಂಡತಿ ಕಟ್ಟಪ್ಪಣೆ ಮಾಡಿದ್ದಳು. ಅವನು ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಸ್ನಾನದ ಕೋಣೆಯ ಬಾಗಿಲವರೆಗೂ ಹೋಗುತ್ತಿದ್ದ. ಕೊನೆಗೊಂದು ಮಧ್ಯಾಹ್ನ ಅದಾಗಿಯೇ ರಿಂಗಾಯಿತು. ಮೊದಲ ರಿಂಗಿಗೇ ಎತ್ತಿದ.

"ಮಾಮ, ಬಾಗಿಲ ಹತ್ರ ಒಂದು ಗೀರು ಬಿದ್ದಿದೆ," ಅಂದಳು ತಂಗಿ. ದನಿ ನಡುಗುತ್ತಿತ್ತು.

"ಆ ಗೀರು ಹಾಳಾಗ್ಲಿ. ನೀನ್ಯಾಕೆ ಅಳ್ತಿದ್ದೀಯ?"

"ಅಕ್ಕನ ಕಾಲೆಲ್ಲ ಬೊಬ್ಬೆ. ಗಾಡಿ ಒಳಗೆ ಹೋಗಿ ಮಲಗಿದ್ದಾಳೆ, ಎದ್ದೇಳಲ್ಲ ಅಂತಾಳೆ. ಪಂದ್ಯದ ಡಾಕ್ಟರು ನೋಡಿ ಪಟ್ಟಿ ಕಟ್ಟಿದ್ರು, ಓಡಬಹುದು ಅಂದ್ರು. ಇವಳೇ ಬೇಡ ಅಂತಿದ್ದಾಳೆ."

"ಅವಳಿಗೆ ಕೊಡು."

ಫೋನು ಅಕ್ಕನ ಕೈಗೆ ಹೋಯಿತು. ಬ್ರೇಕ್ ಮಾಮ ಭಾಷಣ ಮಾಡಿದವನಲ್ಲ. ತಿಳಿದಿದ್ದನ್ನೇ ಹೇಳಿದ. "ನೋಡಮ್ಮ, ದೂರದ ಸ್ಟಾಪಿನವ್ರು ನನ್ನ ಬಸ್ಸಲ್ಲಿ ನಡುದಾರೀಲೇ ನಿದ್ದೆ ಹೋಗ್ತಿದ್ರು. ಎಚ್ಚರ ಆದ ತಕ್ಷಣ ಗಾಬರೀಲಿ ಎಲ್ಲಂದ್ರಲ್ಲಿ ಇಳಿಯೋಕೆ ಬರೋರು. ಅವ್ರನ್ನ ತಡೆದು ಕೇಳ್ತಿದ್ದೆ, ನಿಮ್ಮ ಸ್ಟಾಪ್ ಯಾವ್ದು ಅಂತ. ನಿಂದು ಯಾವ್ದು?"

"ಸಮುದ್ರ."

"ಸಮುದ್ರ ಬಂತಾ?"

"ಇಲ್ಲ."

"ಮತ್ತೆ ಇಲ್ಲೇನು ಇಳಿಯೋದು? ಗಾಡಿಯಿಂದ ಬೇಕಾದ್ರೆ ಇಳಿ. ಓಟದಿಂದ ಇಳೀಬೇಡ."

ಅಳುವೋ ನಗುವೋ ಗೊತ್ತಾಗದ ಒಂದು ಸದ್ದು ಕೇಳಿಸಿ ಫೋನು ಕಟ್ಟಾಯಿತು. ಸಂಜೆ ಮತ್ತೆ ತಂಗಿಯ ಫೋನು: "ಓಡ್ತಿದ್ದಾಳೆ ಮಾಮ! ಕುಂಟ್ತಾ ಶುರು ಮಾಡಿದ್ಲು, ಈಗ ಮೂರು ಜನರನ್ನ ಹಿಂದೆ ಹಾಕಿದ್ದಾಳೆ!"

ಇನ್ನು ಮನೆಯಲ್ಲಿ ಕೂರುವುದು ಯಾರಿಂದಾದೀತು? ಹೆಂಡತಿ ಡಾಕ್ಟರನ್ನು ಕಾಡಿ ಬೇಡಿ ಅಪ್ಪಣೆ ಪಡೆದಳು. ಭಾಮೈದನನ್ನೂ ಕಟ್ಟಿಕೊಂಡು ಮೂವರೂ ಸಮುದ್ರದ ದಡಕ್ಕೆ ಬಸ್ಸು ಹತ್ತಿದರು. ಬ್ರೇಕ್ ಮಾಮ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ನೆಲಕ್ಕೆ ಕಾಲು ಒತ್ತುತ್ತಲೇ ಇದ್ದ.

ಪಂದ್ಯ ಮುಗಿಯುವ ಜಾಗದಲ್ಲಿ ಹಗ್ಗ ಕಟ್ಟಿ ಜನ ನಿಂತಿದ್ದರು. ಗಂಡಸರು ಕೆಲವರು ಆಗಲೇ ಬಂದು ಮರಳಲ್ಲಿ ಅಂಗಾತ ಬಿದ್ದಿದ್ದರು. ಹೆಂಗಸರಲ್ಲಿ ಇನ್ನೂ ಒಬ್ಬರೂ ಬಂದಿರಲಿಲ್ಲ. ಎಲ್ಲರ ಕಣ್ಣೂ ರಸ್ತೆಯ ತಿರುವಿನ ಮೇಲೆ.

ತಿರುವಿನಲ್ಲಿ ಮೊದಲು ಕಂಡದ್ದು ಒಂದು ಚುಕ್ಕೆ. ಸಣಕಲು ಮೈ, ಒಂದು ಕಡೆ ತುಸು ವಾಲಿದ ಓಟ. ಅವಳ ಹಿಂದೆ, ಅವಳ ವೇಗಕ್ಕೇ ತಕ್ಕ ಹಾಗೆ ನಿಧಾನವಾಗಿ, ಮೈಯೆಲ್ಲ ಕೆಸರು ಮೆತ್ತಿಕೊಂಡು, ಕಿಟಕಿಯ ತುಂಬ ಒದ್ದೆ ಕಾಲುಚೀಲ ನೇತುಹಾಕಿಕೊಂಡು, ಹಾರನ್ ಬಾರಿಸುತ್ತ ಮನೆಗಾಡಿ ಬರುತ್ತಿತ್ತು. ಬ್ರೇಕ್ ಮಾಮ ಆವರೆಗೆ ಅದು ಎದುರಿನಿಂದ ಓಡಿ ಬರುವುದನ್ನು ಹೊರಗೆ ನಿಂತು ನೋಡಿರಲೇ ಇಲ್ಲ. ಎಷ್ಟು ಚಂದ ಓಡುತ್ತದೆ!

"ಅಕ್ಕಾ, ಅದೇ! ನಮ್ಮದೇ ಗಾಡಿ!" ಭಾಮೈದ ಗಂಟಲು ಹರಿಯುವಂತೆ ಕೂಗಿದ. ಅಷ್ಟರಲ್ಲಿ ತಿರುವಿನಲ್ಲಿ ಇನ್ನೊಬ್ಬಳು ಕಂಡಳು. ಎಳೆಯ ವಯಸ್ಸು, ಜಿಂಕೆಯಂಥ ಕಾಲು. ನಡುವಿನ ಅಂತರ ಕರಗತೊಡಗಿತು. ಬ್ರೇಕ್ ಮಾಮ ಹಗ್ಗದ ಮೇಲೆ ಬಾಗಿ, ಜನ್ಮದಲ್ಲಿ ಯಾರಿಗೂ ಹೇಳದ ಮಾತನ್ನು ಅರಚಿದ:

"ಬ್ರೇಕ್ ಹಾಕ್ಬೇಡಮ್ಮಾ! ಹಾಕ್ಬೇಡ! ನುಗ್ಗು!"

ಕೇಳಿಸಿತೋ ಇಲ್ಲವೋ, ಅವಳು ಹಲ್ಲು ಕಚ್ಚಿ ನುಗ್ಗಿದಳು. ಗೆರೆ ದಾಟಿದಳು. ದಾಟಿದವಳು ಅಲ್ಲೂ ನಿಲ್ಲದೆ ಜನರ ನಡುವೆ ದಾರಿ ಮಾಡಿಕೊಂಡು ಓಡಿ, ಮೊಣಕಾಲು ಮುಳುಗುವವರೆಗೆ ಸಮುದ್ರದೊಳಗೆ ಹೋಗಿ, ತಿರುಗಿ ಎರಡೂ ಕೈ ಎತ್ತಿದಳು. ಹೆಂಗಸರಲ್ಲಿ ಮೊದಲನೆಯವಳು! ತಂಗಿ ಗಾಡಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಬಾಗಿಲನ್ನು ಮೆಲ್ಲಗೆ ಹಾಕಿ, ಆಮೇಲೆ ಹುಚ್ಚಿಯ ಹಾಗೆ ಕಿರುಚುತ್ತ ನೀರಿಗೆ ಓಡಿದಳು. ಕೋಲನ್ನು ತಮ್ಮನ ಕೈಗೆ ತುರುಕಿ ಹೆಂಡತಿಯೂ ಹೊಸ ಮಂಡಿಯ ಮೇಲೆ ಮರಳಲ್ಲಿ ಹೆಜ್ಜೆ ಹಾಕಿದಳು. ಬ್ರೇಕ್ ಮಾಮ ಎರಡೂ ಕೈಯಲ್ಲಿ ಅವಳ ತೋಳು ಹಿಡಿದಿದ್ದ. ಮೀಸೆಯವರೆಗೂ ಇಳಿದಿದ್ದ ಕಣ್ಣೀರನ್ನು ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.

ಆ ವರ್ಷ ಮನೆಗಾಡಿ ಅಂಗಳದಲ್ಲಿ ನಿಂತದ್ದು ಕಡಿಮೆ. ಹೊಸದಾಗಿ ಮದುವೆಯಾದವರು ಒಯ್ದರು, ಹಕ್ಕಿ ನೋಡುವವರು ಒಯ್ದರು, ಮೂರು ನಾಯಿಯವರೂ ಒಯ್ದರು. ಯಾರೋ ಸಿಂಕಿನ ನಲ್ಲಿ ಮುರಿದರು. ಬ್ರೇಕ್ ಮಾಮ ಒಂದು ಗಂಟೆ ಗೊಣಗಿದ, ಇನ್ನೊಂದು ಗಂಟೆಯಲ್ಲಿ ಹೊಸದು ಕೂರಿಸಿದ. ಹೆಂಡತಿಯ ಮಂಡಿ ಪೂರಾ ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಅವನು ಅಂಗಡಿಗೇ ಹೋಗಿ, ಹೊಲಿಗೆ ಯಂತ್ರದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಮುಂದಿನ ತಿಂಗಳು ನಾವಿಬ್ರೂ ಹೋಗೋಣ್ವಾ?"

ಅವಳು ಯಂತ್ರ ನಿಲ್ಲಿಸದೆಯೇ ಹೇಳಿದಳು. "ಮುಂದಿನ ತಿಂಗಳು ಗಾಡಿ ಖಾಲಿ ಇಲ್ಲ. ಅದರ ಮುಂದಿನ ತಿಂಗಳು ಒಂದು ವಾರ ಇದೆ, ಬೇಕಾದ್ರೆ ಈಗ್ಲೇ ಹೇಳಿ. ಇನ್ನಿಬ್ರು ಕೇಳಿದ್ದಾರೆ."

"ಹಿಡಿದಿಡು ತಾಯಿ," ಅಂದ ಬ್ರೇಕ್ ಮಾಮ, ಕೈ ಮುಗಿದು.