ಬಸವನ ಕಾಸಿನ ಕಿಲುಬು

"ನಾನೇ ಉಜ್ಜಿದ್ದು" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಅವರೆಕಾಳು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ನಡುಮನೆಯಲ್ಲಿ ನನ್ನ ತಮ್ಮನನ್ನು ಅವನ ಗೆಳೆಯರೇ ಮೋಸಗಾರನಂತೆ ನೋಡುತ್ತಿದ್ದರು. ನಾನು ತಟ್ಟೆ ಹಿಡಿದುಕೊಂಡೇ ಇದ್ದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ತಮ್ಮನ ವಿಷಯ ಶುರು ಮಾಡಿದರೆ ನನಗೆ ಹೆಮ್ಮೆ ಉಕ್ಕಿ ಬರುತ್ತದೆ, ಆ ಹೆಮ್ಮೆಯಲ್ಲಿ ನನ್ನ ತಪ್ಪು ಮುಚ್ಚಿಹೋಗಬಾರದು.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಗಂಡ ತೀರಿಕೊಂಡ ಮೇಲೆ ಹೊಳೆನರಸೀಪುರದ ತವರಿಗೆ ಬಂದೆ. ಅಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ಇರಲಿಲ್ಲ. ನನಗಿಂತ ಎಷ್ಟೋ ಚಿಕ್ಕವನಾದ ತಮ್ಮ ಪೇಟೆಯಲ್ಲಿದ್ದ ಬೆಲ್ಲ, ಮೆಣಸಿನಕಾಯಿಯ ಅಂಗಡಿ ನೋಡಿಕೊಳ್ಳುತ್ತಿದ್ದ. ಮನೆ ನನ್ನದಾಯಿತು. ಅವನಿಗೆ ಅಕ್ಕನೂ ನಾನೇ, ಅವ್ವನೂ ನಾನೇ.

ಸಂತೆಯ ದಿನ ಹಳ್ಳಿಯವರು ತರುವ ಚಿಲ್ಲರೆಯಲ್ಲಿ ಒಮ್ಮೊಮ್ಮೆ ಹಳೆಯ ಕಾಸು ಸೇರಿರುತ್ತಿದ್ದವು. ಬೇರೆ ಅಂಗಡಿಯವರು ಅವನ್ನು ವಾಪಸ್ಸು ಎಸೆಯುತ್ತಿದ್ದರು. ನಮ್ಮ ತಮ್ಮ ಇಟ್ಟುಕೊಳ್ಳುತ್ತಿದ್ದ. ಒಂದರ ಮೇಲೆ ಆನೆ, ಒಂದರ ಮೇಲೆ ಗಂಡಭೇರುಂಡ, ಇನ್ನೊಂದರ ಮೇಲೆ ಏನೆಂದೇ ತಿಳಿಯದ ಗೆರೆಗಳು. ಪಕ್ಕದ ಮನೆಯಾಕೆ ಬಾವಿಕಟ್ಟೆಯಲ್ಲಿ ನನ್ನನ್ನು ಛೇಡಿಸುತ್ತಿದ್ದಳು: "ನಿನ್ ತಮ್ಮ ನಡೆಯೋ ಕಾಸು ಬುಟ್ಟು ನಡೀದೇ ಇರೋ ಕಾಸಿನ ಇಂದೆ ನಡೀತಾವ್ನಲ್ಲೇ!"

"ನಡ್ಯೋ ಕಾಸು ನಿನ್ ಗಂಡ ಎಲ್ಲಿ ಕಳೀತಾನೆ ಅಂತ ನಂಗೊತ್ತು, ಸುಮ್ಕಿರು," ಎನ್ನುತ್ತಿದ್ದೆ. ಆಮೇಲೆ ಇಬ್ಬರೂ ನಗುತ್ತಿದ್ದೆವು.

ಒಂದು ಕಾಸು ಸಿಗಬೇಕಾದರೆ ಎಷ್ಟು ಮನೆಗಳಲ್ಲಿ ಕೂರಬೇಕು, ಎಷ್ಟು ಎಲೆಯಡಿಕೆ ಹಾಕಬೇಕು, ಎಷ್ಟು ಜನರ ಮಂಡಿನೋವಿನ ಕತೆ ಕೇಳಬೇಕು! ಅವನಿಗೆ ಅದು ಬರುತ್ತಿತ್ತು. ಹೋದ ಕೂಡಲೇ ಕಾಸು ಕೇಳುತ್ತಿರಲಿಲ್ಲ. ಮಳೆ, ಮಕ್ಕಳು, ದನ ಎಲ್ಲ ಆದ ಮೇಲೆ, ಅವರೇ "ಅದೇನೋ ಅಳೇ ಬಿಲ್ಲೆ ನೋಡ್ತೀಯಂತಲ್ಲಪ್ಪ" ಎನ್ನುವ ತನಕ ಕಾಯುತ್ತಿದ್ದ. ಬೂವನಹಳ್ಳಿಯ ಕಡೆಯ ಒಬ್ಬ ಮುದುಕಿ ತಾನೇ ಮನೆಗೆ ಬಂದು, ಸೆರಗಿನ ಗಂಟು ಬಿಚ್ಚಿ ಒಂದು ಆನೆ ಕಾಸು ಕೊಟ್ಟು ಹೋದಳು. "ನಿನ್ ತಮ್ಮನ ಕೈಲಿದ್ರೆ ದ್ಯಾವ್ರ ಗೂಡಲ್ಲಿದ್ದಂಗೆ ಕಣವ್ವ. ಬೇಕಾದಾಗ ಕೇಳಿ ಇಸ್ಕತೀನಿ," ಎಂದು ನನಗೆ ಹೇಳಿದಳು. ಆ ಮಾತನ್ನು ನಾನು ಎಷ್ಟು ಜನರ ಮುಂದೆ ಹೇಳಿಕೊಂಡು ತಿರುಗಿದೆನೋ!

ಅವನಿಗೆ ಮೂವರು ಜೊತೆಗಾರರು ಸಿಕ್ಕಿದ್ದರು. ಹಾಸನದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರೊಬ್ಬರು. ಚನ್ನರಾಯಪಟ್ಟಣದ ಹತ್ತಿರ ಬಾಗೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು. ಅರಕಲಗೂಡಿನ ಒಕ್ಕಲುತನದವರೊಬ್ಬರು, ಇವರು ಮಾತಿಗೆ ಮುಂಚೆ ನಗುವವರು, ತಮ್ಮನಿಗೆ ಎಲ್ಲರಿಗಿಂತ ಹತ್ತಿರದವರು. ಕೋರ್ಟಿಗೆ ರಜೆ ಇರುವ ಭಾನುವಾರ ನೋಡಿಕೊಂಡು, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಮಡಿ ಪಂಚೆ ಹಾಸಿ ಕಾಸುಗಳನ್ನು ಹರವುತ್ತಿದ್ದರು. ಗುಮಾಸ್ತರು ಭೂತಗನ್ನಡಿ ಹಿಡಿದರೆ ಸಾಕ್ಷಿಯನ್ನು ವಿಚಾರಣೆ ಮಾಡಿದಂತೆ ಕಾಸಿನ ವಿಚಾರಣೆ.

ಅವರಲ್ಲೊಂದು ಪದ್ಧತಿ ಇತ್ತು. ಏಳುವ ಮುಂಚೆ ಒಬ್ಬೊಬ್ಬರೂ ತಮ್ಮದೊಂದು ಕಾಸನ್ನು ಇನ್ನೊಬ್ಬರ ಕೈಗೆ ಕೊಡುತ್ತಿದ್ದರು. ಮುಂದಿನ ಸಲ ಸೇರುವವರೆಗೆ ಅದು ಆ ಮನೆಯಲ್ಲಿರಬೇಕು. ಅದಕ್ಕೆ "ಕಾಸು ನೆಂಟರ ಮನೆಗೆ ಹೋಗಿದೆ" ಎನ್ನುತ್ತಿದ್ದರು. ಬಂದ ಕಾಸನ್ನು ನನ್ನ ತಮ್ಮ ಬಿಡುವಾದಾಗಲೆಲ್ಲ ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ, ನನಗೂ ತೋರಿಸುತ್ತಿದ್ದ. ಮೂರನೇ ಕ್ಲಾಸಿನಲ್ಲಿ ಬಿಟ್ಟುಹೋದ ನನ್ನ ಅಕ್ಷರ ಮತ್ತೆ ಕೈಗೆ ಹತ್ತಿದ್ದು ಆ ಕಾಸುಗಳ ಮೇಲಿನ ಬರಹ ಓದಿಯೇ.

ಒಂದು ಸಲ ಅರಕಲಗೂಡಿನವರ ತಾಮ್ರದ ಕಾಸು ನಮ್ಮ ಮನೆಗೆ ನೆಂಟನಾಗಿ ಬಂತು. ಅವರ ಹೊಲದಲ್ಲಿ ನೇಗಿಲಿಗೆ ಸಿಕ್ಕಿದ್ದು, ವಿಜಯನಗರದ ಕಾಲದ್ದು. ಅದರ ಮೇಲೆ ಬಸವ ನಿಂತಿದ್ದ. ನಮ್ಮದು ಬಸವನಿಗೆ ಕೈಮುಗಿಯುವ ಮನೆ. ಆ ಬಸವನ ಮೈ ಮುಖವೆಲ್ಲ ಕಪ್ಪು ಹಸಿರು ಕಿಲುಬು.

ಕಿಲುಬು ಎಂದರೆ ನನ್ನಂಥ ಹೆಂಗಸಿಗೆ ಏನು ಎಂಬುದನ್ನು ಹೇಳಬೇಕು. ಸೋಮವಾರ ಬಂತೆಂದರೆ ನಮ್ಮ ಮನೆಯ ತಾಮ್ರದ ಹಂಡೆ, ತಂಬಿಗೆ, ಪೂಜೆಯ ಬಟ್ಟಲು ಎಲ್ಲ ಹುಣಸೆಹಣ್ಣು, ಇಟ್ಟಿಗೆ ಪುಡಿಯಲ್ಲಿ ಉಜ್ಜಿಸಿಕೊಂಡು ಕೆಂಪಗೆ ಹೊಳೆಯಬೇಕು. ನೆಂಟರಿಗೆ ಕಿಲುಬು ಹಿಡಿದ ತಂಬಿಗೆಯಲ್ಲಿ ನೀರು ಕೊಟ್ಟರೆ ಆ ಮನೆಯ ಹೆಂಗಸಿನ ಮಾನ ಹೋದ ಹಾಗೆ. ನನ್ನ ತಾಮ್ರದ ಹೊಳಪನ್ನು ಇಡೀ ಕೇರಿ ಹೊಗಳುತ್ತಿತ್ತು, ನನಗೆ ಅದರ ಜಂಬವೂ ಇತ್ತು. ಅದೇ ಕಿಲುಬು ಕಾಸಿನ ಮೇಲೆ ಕೂತರೆ ಅದರ ವಯಸ್ಸಿಗೆ ಸಾಕ್ಷಿ, ಅದನ್ನು ಮುಟ್ಟಬಾರದು ಎಂಬುದು ಆ ನಾಲ್ವರಿಗೆ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅದನ್ನು ವಾಪಸ್ಸು ಕೊಡಬೇಕಾದ ಭಾನುವಾರದ ಸರದಿ ನಮ್ಮ ಮನೆಯದು. ತಮ್ಮ ಬಸ್ಸಿನ ಹತ್ತಿರ ಗೆಳೆಯರನ್ನು ಎದುರುಗೊಳ್ಳಲು ಹೋದ. ಮನೆಯೆಲ್ಲ ಹೊಳೆಯುತ್ತಿತ್ತು, ಆ ಬಸವ ಒಬ್ಬನೇ ಕಪ್ಪಗಿದ್ದ. ನೆಂಟರ ಮಗುವನ್ನು ಮೀಯಿಸದೆ ಕಳಿಸಿದ ಹಾಗಾಗುತ್ತದಲ್ಲ ಎನ್ನಿಸಿತು. ಹುಣಸೆಹಣ್ಣು ನೆನೆಹಾಕಿ, ಇಟ್ಟಿಗೆ ಪುಡಿ ಹಚ್ಚಿ ಚೆನ್ನಾಗಿ ತಿಕ್ಕಿದೆ. ತೊಳೆದು ಒರೆಸಿದಾಗ ಬಸವ ಹೊಸ ತಂಬಿಗೆಯ ಹಾಗೆ ಮಿಂಚಿದ. ಕೈಮುಗಿದು, ಅದರ ಬಟ್ಟೆಯ ಚೀಲದಲ್ಲೇ ಇಟ್ಟೆ. ತಮ್ಮನಿಗೂ ಹೇಳಲಿಲ್ಲ, ಎಲ್ಲರೂ ಒಟ್ಟಿಗೆ ನೋಡಿ ಬೆರಗಾಗಲಿ ಎಂದು.

ಬೆರಗಾದರು. ನನ್ನ ತಮ್ಮ ಚೀಲ ಬಿಚ್ಚಿ ಕಾಸನ್ನು ಕೈಗಿಟ್ಟ ಕೂಡಲೇ ಅರಕಲಗೂಡಿನವರ ನಗು ನಿಂತುಹೋಯಿತು.

"ಇದ್ಯಾವ್ದಯ್ಯಾ? ನಂದೆಲ್ಲಿ?"

"ನಿಂದೇ ಕಣಯ್ಯ," ಎಂದ ತಮ್ಮ. ಆದರೆ ಅವನ ದನಿಯೂ ತಡವರಿಸಿತು.

"ನಂದು ಕರ್ರಗೆ ಅಸ್ರಗಿತ್ತು. ಇದು ನೆನ್ನೆ ಮದ್ವೇಲಿ ಉಡುಗೊರೆ ಬಂದಂಗೈತೆ."

ಗುಮಾಸ್ತರು ಭೂತಗನ್ನಡಿ ಹಿಡಿದರು. "ಗೆರೆ ಎಲ್ಲಾ ಸವ್ದು ನುಣ್ಣಗಾಗಿದೆ. ಎರಕ ಹುಯ್ದ ನಕಲಿ ಇದ್ದಂಗಿದೆ ಸ್ವಾಮಿ. ನಾನೇನೂ ಹೇಳಲ್ಲಪ್ಪ, ನೋಡಿದ್ದು ಹೇಳ್ದೆ."

"ಇನ್ನೇನ್ ಏಳ್ಬೇಕು ನೀವು? ನೆಂಟರ ಮನೇಗೆ ಒಂದ್ ಎಣ್ಣು ಕಳಿಸ್ದೆ, ವಾಪಸ್ ಬ್ಯಾರೆ ಎಣ್ಣು ಕಳಿಸ್ಬುಟ್ಟ ಕಣ್ಲಾ ಇವ್ನು!"

ತಮ್ಮ ಕಾಸನ್ನು ಎತ್ತಿ ಮುಖದ ಹತ್ತಿರ ಹಿಡಿದ. ಕಣ್ಣಿಟ್ಟು ನೋಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದ. "ನಾನು ಬದಲಾಯ್ಸಿಲ್ಲ," ಎಂದ. ಅಷ್ಟೇ.

ಆಗ ನಾನು ಹೊರಗೆ ಬರಬೇಕಿತ್ತು. ಉಜ್ಜಬಾರದಿತ್ತು ಎಂದು ಅವರ ಮಾತಿನಿಂದ ಆಗ ತಾನೇ ಅರ್ಥವಾಗಿತ್ತು. ಗಂಡಸರ ಮುಂದೆ ಹೋಗಬಾರದೆಂಬ ಕಟ್ಟು ನಮ್ಮ ಮನೆಯಲ್ಲಿರಲಿಲ್ಲ, ಉಪ್ಪಿಟ್ಟು ಕೊಡಲು ನಾನೇ ಹೋಗಬೇಕಿತ್ತು. ತಡೆದದ್ದು ನನ್ನ ಜಂಬ. ಕೇರಿಗೆಲ್ಲ ಬುದ್ಧಿ ಹೇಳುವವಳು ಇವರ ಬಾಯಲ್ಲಿ ಪೆದ್ದಿ ಆಗಬೇಕಲ್ಲ ಎಂದು ಹಿಂಜರಿದೆ. ಅಷ್ಟರಲ್ಲಿ ಅರಕಲಗೂಡಿನವರು ಟವಲ್ಲು ಕೊಡವಿ ಎದ್ದರು. ಕಾಸನ್ನು ಮುಟ್ಟಲಿಲ್ಲ. ಉಪ್ಪಿಟ್ಟಿಗೂ ಕಾಯಲಿಲ್ಲ.

ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರಲಿಲ್ಲ.

ಭಾನುವಾರಗಳು ನಿಂತವು. ಮಾತು ಊರೂರಿಗೆ ಹಬ್ಬಿತು. ಬೂವನಹಳ್ಳಿಯ ಮುದುಕಿ ಬಂದು, ನೆಲ ನೋಡುತ್ತಾ, "ಆ ಆನೆ ಬಿಲ್ಲೆ ಕೊಟ್ಬುಡಪ್ಪ, ಮೊಮ್ಮಗ ಕೇಳ್ತಾವ್ನೆ," ಎಂದಳು. ತಮ್ಮ ತಕ್ಷಣ ತಂದುಕೊಟ್ಟ. "ಸರಿಯಾಗಿ ನೋಡ್ಕೋ ಅಜ್ಜಿ, ಅದೇನಾ?" ಎಂದು ಕೇಳಿದ. ಆ ಪ್ರಶ್ನೆ ಅವನ ಬಾಯಿಂದ ಬಂದಾಗ ನಾನು ಹಿತ್ತಲಿಗೆ ಹೋಗಿ ನಿಂತುಕೊಂಡೆ.

ಅವನು ಮಾತ್ರ ಬಾಗಲಿಲ್ಲ. ಇದೇ ನನ್ನ ಹೆಮ್ಮೆ. ಯಾರ ಮೇಲೂ ದೂರಲಿಲ್ಲ, ಯಾರ ಮನೆ ಬಾಗಿಲಿಗೂ ಹೋಗಿ ಆಣೆ ಇಡಲಿಲ್ಲ. ಕಾಸಿನ ಮೇಲಿನ ಆಸೆಯನ್ನೂ ಬಿಡಲಿಲ್ಲ. ಎರಡನೇ ಮಹಾಯುದ್ಧ ಬಂತು, ಚಿಲ್ಲರೆ ಸಿಗದಂತಾಯಿತು, ತಾಮ್ರ ಉಳಿಸಲು ಸರ್ಕಾರ ನಡುವೆ ತೂತಿರುವ ಕಾಸು ತಂದಿತು. ಜನ ಅದನ್ನು ನೋಡಿ ನಗುವಾಗ ಇವನು, "ಇದ್ನೂ ಒಂದಿಟ್ಕೊಂಡಿರಿ, ಮುಂದೆ ಯಾರಾದ್ರೂ ಹುಡುಕ್ಕೊಂಡು ಬತ್ತಾರೆ," ಎನ್ನುತ್ತಿದ್ದ. ಆ ಬಸವನ ಕಾಸನ್ನು ದೇವರ ಗೂಡಿನಲ್ಲಿಟ್ಟಿದ್ದ. ಪೂಜೆ ಮಾಡುವಾಗ ದಿನವೂ ನನ್ನ ಕಣ್ಣಿಗೆ ಬೀಳುತ್ತಿತ್ತು. ವರ್ಷ ಕಳೆದಂತೆ ಅದರ ಹೊಳಪು ಇಳಿಯಿತು. ಕೆಂಪು ಕಂದಾಯಿತು, ಅಂಚಿನಲ್ಲಿ ಕಪ್ಪು ಬಂತು. ಕಾಸು ತನ್ನ ಬಣ್ಣಕ್ಕೆ ತಾನೇ ಮರಳುತ್ತಿತ್ತು. ನಾನು ಮಾತ್ರ ಇನ್ನೂ ಆ ಬಾಗಿಲ ಹಿಂದೆಯೇ ಇದ್ದೆ.

ಯುದ್ಧ ಮುಗಿದ ಮೇಲೆ ಬಾಗೂರಿನವರ ಮೊಮ್ಮಗನ ತೊಟ್ಟಿಲು ಶಾಸ್ತ್ರಕ್ಕೆ ಕರೆ ಬಂತು. ಹಳೆಯ ಗೆಳೆಯರೆಲ್ಲ ಬರುತ್ತಾರೆಂದು ಹೇಳಿ ಕಳಿಸಿದ್ದರು.

"ನಾನ್ ಬರಲ್ಲಕ್ಕ, ನೀನ್ ಬೇಕಾದ್ರೆ ಹೋಗು," ಎಂದ ತಮ್ಮ.

"ಒಬ್ಳೇ ಹೋಗಕ್ಕಾಯ್ತದಾ? ಬಾ."

ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಹೊಗೆ ಕುಡಿಯುತ್ತಾ ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಗಾಡಿಯಲ್ಲಿ ಬಾಗೂರಿಗೆ ಹೋದೆವು. ಅವನಿಗೆ ಗೊತ್ತಾಗದಂತೆ ಬಸವನ ಕಾಸನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದೆ.

ಊಟವಾದ ಮೇಲೆ ಗಂಡಸರು ಹಜಾರದಲ್ಲಿ ಎಲೆಯಡಿಕೆಗೆ ಕೂತಿದ್ದರು. ಅರಕಲಗೂಡಿನವರು ಒಂದು ಮೂಲೆ, ನನ್ನ ತಮ್ಮ ಇನ್ನೊಂದು ಮೂಲೆ. ನಾನು ಹೆಂಗಸರ ನಡುವಿನಿಂದ ಎದ್ದು ಹೋಗಿ, ಎಲೆಯ ತಟ್ಟೆಯ ಪಕ್ಕ ಕಾಸನ್ನಿಟ್ಟೆ.

"ಇದು ನಿಮ್ದೇ ಕಾಸು. ನನ್ ತಮ್ಮ ಬದ್ಲಾಯ್ಸಲಿಲ್ಲ. ಹುಣಸೆಹಣ್ಣು ಹಾಕಿ ನಾನು ಉಜ್ಜಿದ್ದು."

ಗುಮಾಸ್ತರ ಕೈ ಕನ್ನಡಕಕ್ಕೆ ಹೋಯಿತು. ಅರಕಲಗೂಡಿನವರು ಕಾಸನ್ನು ಎತ್ತಿ, ತಿರುಗಿಸಿ, ಬಸವನ ಕೊಂಬಿನ ಹತ್ತಿರ ನೇಗಿಲು ತಾಕಿದ ಗಾಯವನ್ನು ಉಗುರಿನಿಂದ ಮುಟ್ಟಿ ನೋಡಿದರು. ಹೊಸ ಹೊಳಪಿನಲ್ಲಿ ಅಂದು ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ಅಯ್ಯೋ ತಾಯಿ, ಬಸವಣ್ಣಂಗೆ ಮೈ ತೊಳ್ದುಬುಟ್ರಾ!" ಎಂದು ನಗಲು ಹೋದರು, ಆಗಲಿಲ್ಲ. ತಮ್ಮನ ಕಡೆ ತಿರುಗಿದರು. "ಲೇ, ನಿಂಗೂ ಗೊತ್ತಿರ್ನಿಲ್ವೇನ್ಲಾ?"

"ಗೊತ್ತಿತ್ತು," ಎಂದ ತಮ್ಮ. "ಮುಖದತ್ರ ಹಿಡಿದಾಗ್ಲೇ ಹುಣಸೆ ವಾಸ್ನೆ ಬಂತು."

"ಮತ್ಯಾಕ್ಲಾ ಬಾಯ್ ಬುಡ್ಲಿಲ್ಲ? ನಾನು ಬಾಯಿಗ್ ಬಂದಂಗಂದ್ನಲ್ಲೋ!"

"ಅಕ್ಕ ಹೇಳ್ತಾಳೆ ಅಂತ ಕಾದೆ. ಹೇಳ್ಲಿಲ್ಲ. ಅವ್ಳು ಹೇಳ್ದೇ ಇರೋದ ನಾನ್ ಹೆಂಗ್ ಹೇಳ್ಲಿ?"

ಅಷ್ಟು ವರ್ಷ ಒಂದೇ ಮನೆಯಲ್ಲಿ, ನನ್ನ ಕೈಯ ಮುದ್ದೆ ಉಂಡು, ನನ್ನ ಮಾನ ಕಾದುಕೊಂಡು ಇದ್ದವನು. ಅರಕಲಗೂಡಿನವರು ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತು, ಕಾಸನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಇನ್ನೊಂದ್ ಸ್ವಲ್ಪ ದಿನ ನಿನ್ ಮನೇಲೇ ಇರ್ಲಿ. ಪೂರಾ ಕಪ್ಪಾದ್ಮೇಲೆ ಕಳ್ಸು," ಎಂದರು.

ನಾನು ನಿಂತೇ ಇದ್ದೆ. ಅಲ್ಲಿಯವರೆಗೆ ಹಿರಿಯಳಾಗಿ ಕಿರಿಯವನ ಮುಂದೆ ತಪ್ಪೊಪ್ಪಿಕೊಂಡವಳಲ್ಲ ನಾನು. ಎಲ್ಲರಿಗೂ ಕೇಳುವಂತೆ ಹೇಳಿದೆ:

"ತಪ್ಪಾಯ್ತು ಕಣಪ್ಪ. ಉಜ್ಜಿದ್ದು ಗೊತ್ತಿಲ್ದೆ, ಬಾಗ್ಲ ಹಿಂದೆ ನಿಂತಿದ್ದು ಗೊತ್ತಿದ್ದು. ನನ್ ಮಾನ ಉಳಿಸ್ಕೊಳಕ್ಕೆ ನಿನ್ ಮಾನ ಕಳ್ದೆ. ತಪ್ಪಾಯ್ತು."