ಉಗಿದೋಣಿಗೂ ಒಂದು ಸೋಮವಾರ

ಕಂಬಂ ಕಣಿವೆಯ ಒಕ್ಕಲಿಗ ಪಿಚ್ಚೈಗೆ ಎತ್ತು, ಗಾಡಿ ಬಿಟ್ಟರೆ ಬೇರೆ ವಿದ್ಯೆ ತಿಳಿಯದು. ಅಂಥವನ ಕೈಗೆ ಉಗಿದೋಣಿ ಸಿಕ್ಕಿತೆಂದರೆ ಯಾರು ನಂಬುತ್ತಾರೆ? ಬೆಟ್ಟದ ಮೇಲೆ ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದ ಕಾಲ, ಸಾವಿರದ ಎಂಟುನೂರ ತೊಂಬತ್ತನಾಲ್ಕನೆಯ ಇಸವಿ. ಸುಣ್ಣದ ಮೂಟೆ ಹೇರಿಕೊಂಡು ಘಟ್ಟ ಹತ್ತಿದ ಪಿಚ್ಚೈ ತೇಕ್ಕಡಿಯ ದಡದಲ್ಲಿ ಗಾಡಿ ಬಿಟ್ಟ ದಿನವೇ ದೋಣಿಗೆ ಬೆಂಕಿ ಹಾಕುವವನು ಜ್ವರ ಬಂದು ಮಲಗಿದ್ದ. ಎಂಜಿನ್ ಮೇಸ್ತ್ರಿ ಜೆಯರಾಜ್ ಒಂದು ದಿನದ ಮಟ್ಟಿಗೆಂದು ಇವನನ್ನು ಹತ್ತಿಸಿಕೊಂಡ. ಹತ್ತಿದವನು ಮತ್ತೆ ಇಳಿಯಲಿಲ್ಲ.

ದೋಣಿ ಚಿಕ್ಕದು, ಎಂಜಿನ್ನು ಅದಕ್ಕಿಂತ ಚಿಕ್ಕದು. ಅಣೆಯ ತನಕ ಒಂಬತ್ತು ಮೈಲಿ ನೀರು. ಮೊದಲಿದ್ದವರು ಬೈದು ಓಡಿಸುತ್ತಿದ್ದರು, ಅದೂ ನಡುನೀರಿನಲ್ಲಿ ಕೈಕೊಟ್ಟು ಸೇಡು ತೀರಿಸಿಕೊಳ್ಳುತ್ತಿತ್ತು. ಪಿಚ್ಚೈ ಬೈಯಲಿಲ್ಲ. ಗಾಡಿಗೆ ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ದೋಣಿಗೂ ಅಷ್ಟೇ ಎಂದುಕೊಂಡು ಮೂಟೆಗಳನ್ನು ನಡುವಿಗೆ ಸರಿಸಿದ. ಮೂತಿ ಎತ್ತಿಕೊಂಡು ಹೋಗುತ್ತಿದ್ದ ದೋಣಿ ಮಟ್ಟಸವಾಗಿ ಸಾಗಿತು. ಸೌದೆಯನ್ನು ಸಣ್ಣಗೆ ಸೀಳಿ ಸೂರಿನಡಿ ಒಣಗಿಸಿದ. ಬಾಯ್ಲರಿಗೆ ಹೊಯ್ಯುವ ನೀರನ್ನು ತನ್ನ ಪಂಚೆಯಲ್ಲೇ ಸೋಸಿದ. ಹೊರಡುವ ಮುಂಚೆ ಪ್ರತಿ ಸಲವೂ ನೀರಿಗಿಳಿದು ಹಿಂಬದಿಯ ತಿರುಗುವ ರೆಕ್ಕೆಗೆ ಸುತ್ತಿಕೊಂಡ ಕಳೆ ಬಿಡಿಸಿದ. ನಾಲ್ಕು ಗಂಟೆಯ ದಾರಿ ಎರಡಕ್ಕೆ ಇಳಿಯಿತು.

"ವಾರಕ್ಕೊಂದ್ ದಿನ ಇದ್ಕೂ ಬೆಂಕಿ ಆರಿಸ್ಬೇಕು ಮೇಸ್ತ್ರಿ. ಒಳಗೆ ನೀರಿನ ಉಪ್ಪು ಹೆಕ್ಕಳೆ ಕಟ್ಯದೆ, ಕೆರೀಬೇಕು," ಅಂದ ಒಂದು ದಿನ.

"ಸರಿಯಪ್ಪಾ, ಭಾನುವಾರ ಆರಿಸು. ಅವತ್ತು ಕಲ್ಲುಕೆಲಸಾನೂ ಇಲ್ಲ, ನನಗೂ ಏಸುವಿಗೆ ಜೆಬ ಮಾಡಕ್ಕೆ ಆಗುತ್ತೆ," ಅಂದ ಜೆಯರಾಜ್.

"ಭಾನುವಾರ ಬ್ಯಾಡ. ನಮ್ಮನೇಲಿ ಎತ್ತಿಗೆ ಸೋಮವಾರ ನೊಗ ಇಡಾಕಿಲ್ಲ. ದುಡಿಯೋ ಮೂಕಜೀವಕ್ಕೆಲ್ಲ ಸೋಮವಾರಾನೇ."

"ಕಬ್ಬಿಣಕ್ಕೆ ಜೀವ ಎಲ್ಲಿಂದ ಬಂತಪ್ಪಾ?" ಎಂದು ಮೇಸ್ತ್ರಿ ನಕ್ಕ. ಪಿಚ್ಚೈ ನಗಲಿಲ್ಲ. ಹಟ ಹಿಡಿದರೆ ಅವನು ಹಿಡಿದದ್ದೇ. ದೋಣಿ ಇಷ್ಟು ಚೆನ್ನಾಗಿ ಓಡಿಸುವವನ ಮಾತಿಗೆ ಎದುರಾಡುವುದೇಕೆಂದು ಜೆಯರಾಜ್ ಒಪ್ಪಿಕೊಂಡ.

ಪಿಚ್ಚೈಗೆ ದುರೈ ಅಂತ ಒಬ್ಬನೇ ತಮ್ಮ. ತಂದೆ ಹೋದ ಮೇಲೆ ಇವನೇ ಹೆಗಲ ಮೇಲೆ ಹೊತ್ತು ಸಾಕಿದವನು. ಅಣ್ಣನ ದೋಣಿಯ ಪ್ರತಾಪ ಕೇಳಿ ಕೇಳಿ ಅವನೂ ಬೆಟ್ಟ ಹತ್ತಿ ಅಣೆಯ ಕಲ್ಲುಕೆಲಸಕ್ಕೆ ಸೇರಿದ. ತಾಯಿ ವೆಳ್ಳೈಯಮ್ಮಾಳ್ ಅಳುತ್ತಲೇ ಕಳಿಸಿದ್ದಳು. "ಅವನ್ಗೆ ನಾನಿಲ್ವಾ ಅವ್ವಾ," ಎಂದು ಪಿಚ್ಚೈ ಭಾಷೆ ಕೊಟ್ಟಿದ್ದ.

ಆಷಾಢದ, ಅವರ ಆಡಿ ತಿಂಗಳ, ಒಂದು ಸೋಮವಾರ ಬೆಳಿಗ್ಗೆ ಕಲ್ಲೆತ್ತುವ ಹಗ್ಗ ಜಾರಿ ದುರೈಯ ತೊಡೆ ಜಜ್ಜಿತು. ಬಟ್ಟೆ ಬಿಗಿದು ಕಟ್ಟಿದರೂ ನೆತ್ತರು ನಿಲ್ಲಲಿಲ್ಲ. ಡಾಕ್ಟರಿದ್ದದ್ದು ತೇಕ್ಕಡಿಯಲ್ಲಿ. ಮಂಚದ ಮೇಲೆ ಹೊತ್ತು ಕಾಡಿನಲ್ಲಿ ಹೋದರೆ ಸಂಜೆಯಾಗುತ್ತದೆ. ದೋಣಿಯೇನೋ ಅಣೆಯ ದಡದಲ್ಲೇ ಇತ್ತು, ಆದರೆ ಬಾಯ್ಲರ್ ಬರಿದಾಗಿ, ತಣ್ಣಗೆ, ಬಾಗಿಲು ತೆರೆದುಕೊಂಡು. ಪಿಚ್ಚೈ ಭುಜದ ತನಕ ಕೈ ತೂರಿಸಿ ಅದರ ಹೊಟ್ಟೆ ಕೆರೆಯುತ್ತಿದ್ದ. ಬೇರೆ ಯಾವ ದಿನವಾಗಿದ್ದರೂ ಅಷ್ಟು ಹೊತ್ತಿಗೆ ಉಗಿ ತುಂಬಿರುತ್ತಿತ್ತು.

ನೀರು ಹೊಯ್ದರು, ಬೆಂಕಿ ಹಾಕಿದರು. ತಣ್ಣನೆಯ ಬಾಯ್ಲರ್ ಉಗಿ ಕಟ್ಟಲು ಮೂರು ಗಂಟೆ ಬೇಕು. ಅದನ್ನು ಅವಸರ ಮಾಡಿಸುವ ಮಂತ್ರ ಯಾರಿಗೂ ಗೊತ್ತಿಲ್ಲ. ದುರೈಯನ್ನು ತಂದು ದೋಣಿಯಲ್ಲೇ ಮಲಗಿಸಿದ್ದರು.

"ಅಣ್ಣಾ, ಇನ್ನೂ ಹೊರಡ್ಲಿಲ್ವಾ?"

"ಇಗೋ ತಂಬಿ, ಆಯ್ತು."

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ದುರೈ ಕೇಳಲಿಲ್ಲ, ಅಣ್ಣನ ಮುಖ ನೋಡುತ್ತ ಮಲಗಿದ್ದ.

ಕಡೆಗೂ ದೋಣಿ ಹೊರಟಿತು. ಕೆರೆದು ತೊಳೆದ ಬಾಯ್ಲರ್, ಒಣಸೌದೆ, ಮೂಟೆಯಿಲ್ಲದ ಹೊಟ್ಟೆ: ಅಷ್ಟು ಚೆನ್ನಾಗಿ ಅದು ಯಾವತ್ತೂ ಓಡಿರಲಿಲ್ಲ. ಅರ್ಧ ದಾರಿಯಲ್ಲಿ ಚುಕ್ಕಾಣಿ ಹಿಡಿದಿದ್ದ ಜೆಯರಾಜ್ ಬಗ್ಗಿ ದುರೈಯ ಮೂಗಿನ ಹತ್ತಿರ ಕೈಯಿಟ್ಟು ನೋಡಿದ.

"ಸಾಕು ಪಿಚ್ಚೈ. ಇನ್ನು ನಿಧಾನ ಹೋಗೋಣ."

ಪಿಚ್ಚೈ ಸೌದೆ ಹಾಕುತ್ತಲೇ ಇದ್ದ. ಒಂದೂವರೆ ಗಂಟೆಗೆಲ್ಲ ದಡ ಸೇರಿದರು.

ಊರಿಗೆ ಹೋಗಿ ತಾಯಿಯ ಮುಂದೆ ಕೂತು ಒಂದನ್ನೂ ಮುಚ್ಚಿಡದೆ ಹೇಳಿದ. ಮೇಸ್ತ್ರಿ ಭಾನುವಾರ ಅಂದದ್ದು, ತಾನು ಸೋಮವಾರ ಅಂದದ್ದು, ಎಲ್ಲವನ್ನೂ. ಹೊಡೆಯಲಿ ಎಂದೇ ತಲೆ ಬಗ್ಗಿಸಿದ್ದ. ವೆಳ್ಳೈಯಮ್ಮಾಳ್ ಬಹಳ ಹೊತ್ತು ಅತ್ತು, ಆಮೇಲೆ ಆ ತಲೆ ನೇವರಿಸಿದಳು.

"ಸೋಮವಾರದ ನೇಮ ಕಾಪಾಡಿದ್ಯಲ್ಲ ಮಗಾ. ನಿಮ್ಮಪ್ಪ ಇದ್ದಿದ್ರೂ ಅದನ್ನೇ ಮಾಡ್ತಿದ್ರು."

ಬೈದಿದ್ದರೆ ಅವನು ಹೇಗೋ ಬದುಕಿಕೊಳ್ಳುತ್ತಿದ್ದ.

ಬೆಟ್ಟಕ್ಕೆ ಮರಳಿದ ಮೇಲೆ ಪಿಚ್ಚೈ ಆ ಎಂಜಿನ್ನಿನ ಬೆಂಕಿ ಆರಲು ಬಿಡಲಿಲ್ಲ. ಸೋಮವಾರವೂ ಇಲ್ಲ, ಭಾನುವಾರವೂ ಇಲ್ಲ. ಒಳಗೆ ಹೆಕ್ಕಳೆ ದಪ್ಪಗೆ ಕಟ್ಟಿತು, ಎರಡು ಗಂಟೆಯ ದಾರಿ ಮೂರಾಯಿತು, ನಾಲ್ಕಾಯಿತು. ದೋಣಿ ಹತ್ತಿದವರು ಗೊಣಗಿದರು. ಒಂದು ದಿನವಾದರೂ ಆರಿಸಿ ಕೆರೆಯೋ, ಹಿಂದಿನ ಹಾಗೆ ಓಡುತ್ತದೆ ಎಂದು ಜೆಯರಾಜ್ ಕೈಮುಗಿದು ಕೇಳಿದ.

"ಓಡೋದು ಹಂಗಿರ್ಲಿ ಮೇಸ್ತ್ರಿ," ಅಂದ ಪಿಚ್ಚೈ. "ಕರೆದಾಗ ಹೊರಟ್ರೆ ಸಾಕು."