ಪಂಪಿನ ಮೇಲೆ ಹಾಕಿದ ಒದ್ದೆ ಚೀಲ

ಇವತ್ತು ಬೆಳಿಗ್ಗೆ ಅಂಗಳ ಸಾರಿಸಿದೆ. ಹಾಲು ಕಾಸಿದೆ. ಜೋಳದ ಹಿಟ್ಟು ಸೋಸಿಟ್ಟೆ. ತೀರಿಹೋದ ಅತ್ತೆಯ ಎರಡು ಇಳಕಲ್ಲ ಸೀರೆಗಳನ್ನು ಬಿಸಿಲಿಗೆ ಹರವಿದೆ, ಮಡಿಕೆಯಲ್ಲೇ ಸೀಳದಿರಲೆಂದು. ಆಮೇಲೆ ಬೇವಿನ ಗಿಡದ ಕೆಳಗೆ ನಿಂತಿದ್ದ ಕಾರಿನ ಮೇಲಿನ ಎಲೆಗಳನ್ನು ಗುಡಿಸಿದೆ. ಜಮಖಂಡಿಯಿಂದ ಮೆಕ್ಯಾನಿಕ್ ಬರುವವನಿದ್ದ.

ಅತ್ತೆ ಹೋದ ಮೇಲೆ ಆ ಕಾರನ್ನು ಯಾರೂ ಮುಟ್ಟಿರಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಅವರಿಗೆ ಎದೆನೋವು ಬಂತು. ನಮ್ಮನೆಯವರು ಚಿಮ್ಮಡದಿಂದ ಜಮಖಂಡಿಯ ದವಾಖಾನೆಗೆ ಕಾರು ಹೊರಡಿಸಿದರು. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಗೆ ಕಾರು ನಿಂತಿತು. ಬೇರೆ ಗಾಡಿ ಸಿಕ್ಕು ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಕೊಟ್ಟು ಬಂದ ದಿನವೇ ಮುಧೋಳದ ಮೈದುನ ಎಲ್ಲರೆದುರು ಅಂದುಬಿಟ್ಟ: "ಟ್ರ್ಯಾಕ್ಟರಿನ ಬ್ಯಾರಲ್‌ದಾಗಿನ ಹೊಲಸ ಡೀಸೆಲ್ ಹಾಕಿ ಹಾಕಿ ಗಾಡಿ ಕೆಡಿಸಿದಿ. ಅವ್ವನ್ನ ನೀನ ಕಳದಿ."

ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ನಮ್ಮನೆಯವರಿಗೆ ಅದು ನಿಜವೇ ಎಂಬುದೊಂದೇ ಚಿಂತೆ. ಬ್ಯಾರಲ್ ಮುಚ್ಚಳ ತೆಗೆದು ಮೂಸಿ ನೋಡುತ್ತ ನಿಲ್ಲುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅದಕ್ಕೇ ಮೆಕ್ಯಾನಿಕ್‌ಗೆ ನಾನೇ ಹೇಳಿಕಳಿಸಿದ್ದೆ.

"ಗಾಡಿ ಚಾಲೂ ಮಾಡಬ್ಯಾಡ್ರಿ. ತಣ್ಣಗಿದ್ದಾಗನ ನೋಡಬೇಕು," ಎನ್ನುತ್ತಲೇ ಆತ ಬಂದ. ಫಿಲ್ಟರ್ ಬಿಚ್ಚಿ, ಡೀಸೆಲ್ಲನ್ನು ಬಾಟಲಿಗೆ ಬಸಿದು, ಬಿಸಿಲಿಗೆ ಹಿಡಿದ. ನೀರಿಲ್ಲ, ಕಸವಿಲ್ಲ.

"ವೈನಿ ಸೋಸಿದ ಚಹಾನೂ ಇಷ್ಟ ಸ್ವಚ್ಛ ಇರೂದಿಲ್ಲ ಬಿಡ್ರಿ."

"ಹಂಗಾರ ನಿನಗ ಇವತ್ತ ಚಹಾ ಇಲ್ಲ," ಎಂದೆ.

ತಾನು ತಂದ ಬ್ಯಾಟರಿ ಜೋಡಿಸಿ, ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದ. "ನೋಡ್ರಿ ಅಣ್ಣಾರ. ಗಾಳಿ ತಣ್ಣಗ, ಇಂಜಿನ್ ನೀರೂ ತಣ್ಣಗ. ಡೀಸೆಲ್ ಒಂದ ಕಾದೈತಂತ! ಇಂಥಾ ಥಂಡ್ಯಾಗ ಇದಕ್ಕ ಎಲ್ಲಿ ಜ್ವರ ಬಂತು?"

ಪಂಪಿನ ಪಕ್ಕದಲ್ಲಿ ಬೆರಳುದ್ದದ ಸೆನ್ಸರ್. ಡೀಸೆಲ್ ಎಷ್ಟು ಕಾದಿದೆ ಎಂದು ಇಂಜಿನ್‌ಗೆ ತಿಳಿಸುವುದು ಅದರ ಕೆಲಸ. ಅದರ ವೈರ್ ಕಿತ್ತಾಗ ಅಂಕಿ ಸರ್ರನೆ ಇಳಿಯಿತು. "ವೈರ್ ಛಲೋ ಐತಿ. ಸೆನ್ಸರ್ ಸುಳ್ಳ ಹೇಳಾಕತ್ತೈತಿ." ಹೊಸದನ್ನು ಕೂರಿಸಿದ ಮೇಲೆ ಮೂರೂ ಅಂಕಿಗಳು ಹೆಚ್ಚುಕಡಿಮೆ ಒಂದೇ ಆದವು.

"ಬಿಸಲಾಗ ಓಡಿ ಕಾದಾಗ ಸೆನ್ಸರ್ ಇನ್ನೂ ಹೆಚ್ಚ ತೋರಸತಿತ್ತು. ಡೀಸೆಲ್ ವಿಪರೀತ ಕಾದೈತಿ ಅಂತ ತಿಳಿದು ಇಂಜಿನ್ ತಾನ ಬಂದ್ ಆಗತಿತ್ರಿ. ಬ್ಯಾರಲ್‌ದೇನೂ ತಪ್ಪಿಲ್ಲ."

ನಮ್ಮನೆಯವರ ಮುಖ ತಿಳಿಯಾಗುತ್ತದೆ ಎಂದುಕೊಂಡಿದ್ದೆ. ಅವರು ಮೆಲ್ಲಗೆ ಕೇಳಿದರು: "ಪಂಪ್ ತಣ್ಣಗ ಮಾಡಿದ್ರ ಚಾಲೂ ಆಕ್ಕಿತ್ತೇನು?"

"ಹೂನ್ರಿ. ಸೆನ್ಸರ್ ತಣ್ಣಗಾದ್ರ ಆಕ್ಕೈತಿ."

ಅವರು ಗಿಡದ ಬುಡದಲ್ಲಿ ಕುಳಿತುಬಿಟ್ಟರು.

ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಕಾದು ನಿಂತರೆ ನಮ್ಮ ಕಡೆ ಪಂಪಿನ ಮೇಲೆ ಒದ್ದೆ ಗೋಣಿಚೀಲ ಹಾಕುತ್ತಾರೆ. ಕಾರು ಮೊದಲೂ ಎರಡು ಸಲ ನಿಂತಿತ್ತು. ಆಗ ನಮ್ಮನೆಯವರೂ ಹಾಗೇ ಮಾಡಿದ್ದರು, ಚಾಲೂ ಆಗಿತ್ತು. "ಚೀಲ ಇರೂತನಕ ಗ್ಯಾರೇಜ್ ಯಾಕ ಬೇಕು?" ಎಂದು ನಕ್ಕಿದ್ದರು ಕೂಡ. ಆ ದಿನವೂ ಡಿಕ್ಕಿಯಲ್ಲಿ ಚೀಲವಿತ್ತು. ಹತ್ತಿರದ ಕಾಲುವೆ ಒಣಗಿತ್ತು. ಬಾಟಲಿಯಲ್ಲಿದ್ದ ಕುಡಿಯುವ ನೀರನ್ನೇ ಚೀಲಕ್ಕೆ ಸುರಿದರು. ಸಾಲಲಿಲ್ಲ. ಅತ್ತೆ "ನೀರು" ಎಂದಾಗ ಬಾಟಲಿ ಖಾಲಿಯಾಗಿತ್ತು.

ಮೆಕ್ಯಾನಿಕ್ ಹೋದ ಮೇಲೆ ಅವರು ತಾವಾಗಿಯೇ ತಮ್ಮನಿಗೆ ಫೋನ್ ಹಚ್ಚಿದರು. "ಬ್ಯಾರಲ್ ಅಲ್ಲೋ. ಸೆನ್ಸರ್ ಕೆಟ್ಟಿತ್ತು. ನಾ ಚೀಲ ಹಾಕ್ಕೋತ ತಿರುಗಿದೆ. ಮೊದಲ ಸಲ ನಿಂತಾಗನ ತೋರಿಸಿದ್ರ ಅವ್ವ..."

ಆ ಕಡೆಯಿಂದ ಮೈದುನನ ದನಿ ನನಗೂ ಕೇಳಿಸಿತು: "ಮೊದಲ ಸಲ ರನ್ನ ಬೆಳಗಲಿ ಊರಿನ ದಾರ್ಯಾಗ ನಿಂತಾಗ ಚೀಲ ತೋಯಿಸಿ ತಂದಾಂವ ಯಾರೋ ಅಣ್ಣಾ? ನಾನ ಅಲ್ಲೇನು?" ಮೂಗು ಒರೆಸಿಕೊಂಡ ಸದ್ದು. "ಸಂಜೀಕ ಬರ್ತೀನಿ. ವೈನಿಗೆ ರೊಟ್ಟಿ ಬಡಿಯಾಕ ಹೇಳು."

ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿದ, ಮುಟ್ಟಲಿಲ್ಲ. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇಟ್ಟೆ. ಇಬ್ಬರೂ ತಲೆ ಬಗ್ಗಿಸಿ ಉಂಡರು. ಅತ್ತೆಯ ಹೊರಸಿನ ಮೇಲೆ ಅಡ್ಡಾದ ಮೈದುನನಿಗೆ ಮೊದಲು ನಿದ್ದೆ ಹತ್ತಿತು. ನಮ್ಮನೆಯವರು ತಂಬಿಗೆ ತುಂಬ ನೀರು ತಂದು ಅವನ ತಲೆಯ ಹತ್ತಿರ ಇಟ್ಟು, ಅಲ್ಲೇ ಕುಳಿತರು.